ಬಾಣಂತನ ಮುಗಿದ ಮೇಲೆ

ಹೆರಿಗೆಯಾದ ಹೆಣ್ಣುಮಗಳನ್ನು ಒಬ್ಬಂಟಿಯಾಗಿ ಬಿಡುವ ರೂಢಿ ನಮ್ಮ ಸೀಮೆಯಲ್ಲಿಲ್ಲ. ಅವಳು ಹಿಂದೂ ಆಗಿರಲಿ, ಮುಸಲ್ಮಾನಳಾಗಿರಲಿ, ಕ್ರೈಸ್ತಳಾಗಿರಲಿ, ತವರಿನ ಒಂದು ಕೋಣೆ ಅವಳಿಗಾಗಿ ಬೆಚ್ಚಗಿರುತ್ತದೆ. ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವವರು ಒಬ್ಬರು, ಅಂಟಿನುಂಡೆ, ಅಳವಿಯ ಪಾಯಸ ಮಾಡಿಕೊಡುವವರು ಇನ್ನೊಬ್ಬರು. ನಡುರಾತ್ರಿ ಕೂಸು ಅತ್ತರೆ ಎತ್ತಿಕೊಂಡು ತಿರುಗಾಡುವ ಅಜ್ಜಿಯೊಬ್ಬಳು ಇದ್ದೇ ಇರುತ್ತಾಳೆ. ಇದನ್ನು ಯಾರೂ ದಾನವೆಂದಾಗಲಿ, ಸಮಾಜಸೇವೆಯೆಂದಾಗಲಿ ಕರೆದದ್ದಿಲ್ಲ. ಕೂಸನ್ನು ನೋಡಿಕೊಳ್ಳುವವಳನ್ನು ಬೇರೊಬ್ಬರು ನೋಡಿಕೊಳ್ಳದಿದ್ದರೆ ಇಬ್ಬರಿಗೂ ಕೇಡೆಂಬ ಅರಿವು ನಮ್ಮ ಹಿರಿಯರಿಗೆ ಯಾವ ಪುಸ್ತಕವನ್ನೂ ಓದದೆ ಬಂದಿತ್ತು. ಬಾಣಂತನವೆಂಬುದು ಆ ಅರಿವಿಗೆ ಅವರಿಟ್ಟ ಹೆಸರು.

ಈ ಮಾತನ್ನು ಇಲ್ಲಿ ಎತ್ತಲು ಕಾರಣವಿದೆ. ಹಳಿಯಾಳ ತಾಲ್ಲೂಕಿನ ಅಡವಿಯಂಚಿನ ಹಳ್ಳಿಯೊಂದಕ್ಕೆ ಮನೆಗಳ ಆಶೀರ್ವಾದಕ್ಕೆಂದು ನಾವು ಹೋಗಿದ್ದಾಗ ಒಂದು ಮನೆಯ ಬಾಗಿಲು ಅರ್ಧ ಮುಚ್ಚಿತ್ತು. ಒಳಗೆ 11 ವರ್ಷದ ಹುಡುಗನೊಬ್ಬ ಚಾಪೆಯ ಮೇಲೆ ಮಲಗಿದ್ದ. ಹುಟ್ಟುವ ಹೊತ್ತಿಗೆ ಮೆದುಳಿಗೆ ಹಾನಿಯಾಗಿ ಕೈಕಾಲುಗಳು ಸೆಟೆದುಕೊಂಡಿರುವ ಸ್ಥಿತಿ ಅವನದು. ವೈದ್ಯರು ಅದನ್ನು ಸೆರೆಬ್ರಲ್ ಪಾಲ್ಸಿ ಎನ್ನುತ್ತಾರೆ. ಮಾತು ಬರುವುದಿಲ್ಲ, ಆದರೆ ಬಂದವರ ಮುಖವನ್ನು ದಿಟ್ಟಿಸಿ ನೋಡುತ್ತಾನೆ, ತಾಯಿಯ ದನಿ ಕೇಳಿದರೆ ಮೈಯೆಲ್ಲ ಕುಲುಕಿ ನಗುತ್ತಾನೆ. ನಾವು ಪವಿತ್ರ ಜಲವನ್ನು ಚಿಮುಕಿಸಿ, ಪ್ರಾರ್ಥನೆ ಹೇಳಿ, ಹೊರಡುವಾಗ ಆ ತಾಯಿಗೆ, “ಹೊರಲಾಗದ ಶಿಲುಬೆಯನ್ನು ದೇವರು ಯಾರಿಗೂ ಕೊಡುವುದಿಲ್ಲ ತಂಗಿ” ಎಂದೆವು. ಗುರುಗಳಾದವರಿಗೆ ಇಂಥ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ. ಆಕೆ ಸೆರಗಿನಿಂದ ಮಗನ ಜೊಲ್ಲು ಒರೆಸುತ್ತ, “ಬಾಣಂತನ ಮೂರು ತಿಂಗಳಿಗೆ ಮುಗೀತ್ರಿ ಫಾದರ್. ಕೂಸು ಮಾತ್ರ ಕೂಸಾಗೇ ಉಳೀತು” ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ, ಅಂಗಡಿಯ ಲೆಕ್ಕ ಒಪ್ಪಿಸಿದ ಹಾಗೆ ಹೇಳಿದಳು. ಅಂದು ಉಳಿದ ಮನೆಗಳಲ್ಲಿ ಶಿಲುಬೆಯ ಮಾತು ನಮ್ಮ ಬಾಯಿಗೆ ಬರಲಿಲ್ಲ.

ಆ ಬಳಿಕ ಹಲವು ಸಲ ಅಲ್ಲಿಗೆ ಹೋದೆವು, ಹೆಚ್ಚಾಗಿ ಕೇಳಿಸಿಕೊಳ್ಳುವುದಕ್ಕೆಂದೇ. ಹೊರಗಿನಿಂದ ನೋಡುವವರಿಗೆ ‘ಪಾಪ, ಕಷ್ಟ’ ಎಂದು ಎರಡು ಪದಗಳಲ್ಲಿ ಮುಗಿದುಹೋಗುವ ಸಂಗತಿಯೊಳಗೆ ಎಷ್ಟು ಕೆಲಸ ಅಡಗಿದೆಯೆಂಬುದು ಆಗ ತಿಳಿಯಿತು. ಬೆಳಗಿನ ಜಾವ ಎದ್ದು ಹುಡುಗನ ಬಟ್ಟೆ ಬದಲಿಸಬೇಕು. ಸೆಟೆದುಕೊಂಡ ಕಾಲುಗಳನ್ನು ಮೆಲ್ಲನೆ ಮಡಿಸಿ ಸಡಿಲಿಸದೆ ಚಡ್ಡಿ ತೊಡಿಸಲಾಗದು. ಅವಸರ ಮಾಡಿದಷ್ಟೂ ಅವು ಬಿಗಿಯುತ್ತವೆ. ಗಂಜಿಯನ್ನು ಚಮಚ ಚಮಚವಾಗಿ ಉಣಿಸಲು ಒಂದು ಹೊತ್ತಿಗೆ ಮುಕ್ಕಾಲು ಗಂಟೆ ಬೇಕು. ಮಲಗಿಸಿ ಉಣಿಸಿದರೆ ಅನ್ನ ಶ್ವಾಸನಾಳಕ್ಕಿಳಿದು ನ್ಯುಮೋನಿಯಾ ಆಗುವ ಅಪಾಯವಿದೆ. ಕೂರಿಸಿ, ತಲೆಯನ್ನು ತುಸು ಮುಂದೆ ಬಾಗಿಸಿ ಹಿಡಿದುಕೊಂಡೇ ಉಣಿಸಬೇಕು. ಫಿಟ್ಸಿನ ಗುಳಿಗೆ ತಪ್ಪುವಂತಿಲ್ಲ. ಒಂದೇ ಮಗ್ಗಲಿಗೆ ಬಹಳ ಹೊತ್ತು ಬಿಟ್ಟರೆ ಹುಣ್ಣಾಗುತ್ತದೆ, ಆದ್ದರಿಂದ ರಾತ್ರಿಯೂ ಎದ್ದು ಮಗ್ಗಲು ಹೊರಳಿಸಬೇಕು. ಹುಟ್ಟಿದಾಗ ಎರಡೂವರೆ ಕಿಲೋ ಇದ್ದ ಕೂಸು ಈಗ ಇಪ್ಪತ್ತು ಕಿಲೋ ದಾಟಿದೆ. ಬಚ್ಚಲಿಗೆ ಎತ್ತಿಕೊಂಡು ಹೋಗುವ ತಾಯಿಗೆ ಮೂವತ್ತೈದಾಗುವ ಮೊದಲೇ ಸೊಂಟ ಹಿಡಿದುಕೊಂಡಿದೆ. ಈ ಹುಡುಗ ಹದಿನಾರರ ಯುವಕನಾದಾಗ ಯಾರು ಎತ್ತುತ್ತಾರೆಂದು ನಾವು ಕೇಳಲಿಲ್ಲ. ಆಕೆ ಕೇಳಿಕೊಂಡಿರುತ್ತಾಳೆ.

ತಂದೆ ಗೋವೆಯಲ್ಲಿ ಗಾರೆ ಕೆಲಸಕ್ಕಿದ್ದಾನೆ, ತಿಂಗಳಿಗೊಮ್ಮೆ ಬರುತ್ತಾನೆ. ಅವನನ್ನು ಹಳಿಯುವುದು ಸುಲಭ. ಆದರೆ ಅವನು ಅಲ್ಲಿಂದ ಕಳುಹಿಸುವ ಹಣದಿಂದಲೇ ಗುಳಿಗೆ ಬರುತ್ತಿದೆ. ನಮ್ಮನ್ನು ಹೆಚ್ಚು ಕಲಕಿದ್ದು ಹಿರಿಯ ಮಗಳ ಸಂಗತಿ. ತಾಯಿ ಕಬ್ಬಿನ ಗದ್ದೆಗೆ ಕೂಲಿಗೆ ಹೋಗುವ ದಿನಗಳಲ್ಲಿ ತಮ್ಮನ ಬಳಿ ಇರಲೆಂದು ಅವಳು ಮೊದಲು ವಾರಕ್ಕೆರಡು ದಿನ ಶಾಲೆ ತಪ್ಪಿಸಿದಳು. ಎಂಟನೆಯ ತರಗತಿಯ ನಡುವಿನಲ್ಲಿ ಪೂರ್ತಿ ಬಿಟ್ಟಳು. 2011ರ ಜನಗಣತಿಯು ನಮ್ಮ ರಾಜ್ಯದಲ್ಲಿ 13 ಲಕ್ಷ 24 ಸಾವಿರಕ್ಕೂ ಹೆಚ್ಚು ಮಂದಿ ಅಂಗವಿಕಲರಿದ್ದಾರೆಂದು ಎಣಿಸಿತು. ಅವರ ಸಲುವಾಗಿ ಶಾಲೆ ಬಿಟ್ಟ ಅಕ್ಕಂದಿರು, ಕೂಲಿ ಬಿಟ್ಟ ತಾಯಂದಿರು ಎಷ್ಟು ಮಂದಿಯೆಂಬುದಕ್ಕೆ ಆ ಎಣಿಕೆಯಲ್ಲಿ ಕಾಲಮಿಲ್ಲ. (ಅಂಗವಿಕಲರೆಂಬ ಪದವನ್ನು ಈಗ ಯಾರೂ ಮೆಚ್ಚುವುದಿಲ್ಲ, ವಿಕಲಚೇತನರು, ವಿಶೇಷಚೇತನರು ಎನ್ನಬೇಕೆಂದು ಹೇಳುತ್ತಾರೆ. ಗೌರವದ ಪದ ಬರಲಿ, ನಮ್ಮ ತಕರಾರಿಲ್ಲ. ಪದ ಬದಲಾದ ಮಾತ್ರಕ್ಕೆ ತಾಯಿಯ ಸೊಂಟನೋವು ಇಳಿಯಲಿಲ್ಲವೆಂಬುದನ್ನಷ್ಟೇ ನೆನಪಿಸುತ್ತೇವೆ.)

ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಓದುತ್ತಿದ್ದಾಗ ಬೊಯೇಥಿಯಸನ ವ್ಯಾಖ್ಯೆಯನ್ನು ನಾವು ಬಾಯಿಪಾಠ ಮಾಡಿದ್ದೆವು. ವ್ಯಕ್ತಿಯೆಂದರೆ ವಿವೇಚನಾಸ್ವಭಾವವುಳ್ಳ ಪ್ರತ್ಯೇಕ ಸತ್ತ್ವವೆಂದು ಆರನೆಯ ಶತಮಾನದ ಆ ಪಂಡಿತನು ನಿರೂಪಿಸಿದ್ದನು. ಪರೀಕ್ಷೆಯಲ್ಲಿ ಇದಕ್ಕೆ ಒಳ್ಳೆಯ ಅಂಕಗಳೂ ಬಂದಿದ್ದವು. ಅದಕ್ಕೂ ಹಿಂದಿನ ಅರಿಸ್ಟಾಟಲನಂತೂ ವಿಕಲಾಂಗ ಶಿಶುವನ್ನು ಸಾಕಬಾರದೆಂಬ ಕಾನೂನಿರಲಿ ಎಂದು ತನ್ನ ರಾಜನೀತಿಯ ಗ್ರಂಥದಲ್ಲಿ ಬರೆದನೆಂಬುದನ್ನು ನಮ್ಮ ಗುರುಗಳು ತುಸು ಅವಸರದಿಂದಲೇ ದಾಟಿಸಿದ್ದರು. ಇಷ್ಟೆಲ್ಲ ಓದಿದ ನಮಗೆ, ಮಾತಿಲ್ಲದ, ಎಣಿಸಲು ಬಾರದ ಮಗುವೊಂದು ಎದುರಾದಾಗ ಅದನ್ನು ಯಾವ ವ್ಯಾಖ್ಯೆಯೊಳಗೆ ಕೂರಿಸುವುದೆಂದು ತೋಚಿರಲಿಲ್ಲ. ಬೊಯೇಥಿಯಸನು ಹೇಳಿದ್ದು ಸ್ವಭಾವದ ಮಾತು, ಸಾಮರ್ಥ್ಯದ ಮಾತಲ್ಲ ಎಂದು ಸಮರ್ಥಿಸಬಹುದು. ಹಾಗೆಯೇ ನಾವು ಸಮರ್ಥಿಸುತ್ತೇವೆ. ಆದರೂ ಸ್ವತಂತ್ರನಾಗಿ ನಿಂತು, ತರ್ಕಿಸಿ, ಮಾತನಾಡುವವನನ್ನೇ ಮಾನವನ ಮಾದರಿಯೆಂದು ಇಟ್ಟುಕೊಂಡರೆ ಉಳಿದವರೆಲ್ಲ ಆ ಮಾದರಿಯ ಕೊರತೆಗಳಾಗಿ ಕಾಣುತ್ತಾರೆ.

ಈ ದೋಷವನ್ನು ತಿದ್ದಿದ ಎರಡು ಪುಸ್ತಕಗಳು 1999ರಲ್ಲಿ ಹೊರಬಂದವು. ಅಲಾಸ್ಡೇರ್ ಮ್ಯಾಕಿಂಟೈರ್ ಎಂಬ ದಾರ್ಶನಿಕರು ಬರೆದದ್ದು ಒಂದು. ಪರಾವಲಂಬನೆಯು ಕೆಲವರ ದುರದೃಷ್ಟವಲ್ಲ, ಶೈಶವ, ರೋಗ, ವೃದ್ಧಾಪ್ಯಗಳ ಮೂಲಕ ಎಲ್ಲರ ಬಾಳಿನ ಸಹಜ ಭಾಗವೆಂಬುದು ಅವರ ವಾದ. ಇನ್ನೊಂದು, ಈವಾ ಫೆಡರ್ ಕಿಟ್ಟೇ ಎಂಬ ಅಮೆರಿಕದ ಪ್ರಾಧ್ಯಾಪಕಿಯದು. ಅವರ ಮಗಳಿಗೆ ತೀವ್ರ ಬೌದ್ಧಿಕ ವೈಕಲ್ಯವಿತ್ತು. ಅವಳನ್ನು ಮನೆಯಲ್ಲಿಟ್ಟುಕೊಂಡು ಬೆಳೆಸಿದ ಅನುಭವವೇ ಅವರ ತತ್ತ್ವಕ್ಕೆ ಆಧಾರ. ಹೆರಿಗೆಯ ಹೊತ್ತಿನಲ್ಲಿ ತಾಯಿಯ ಉಪಚಾರ ಮಾಡುವವಳನ್ನು ಅವರಲ್ಲಿ ‘ಡೂಲಾ’ ಎನ್ನುತ್ತಾರೆ. ಡೂಲಾ ಕೂಸನ್ನು ಕಸಿದುಕೊಳ್ಳುವುದಿಲ್ಲ. ತಾಯಿಯು ಕೂಸನ್ನು ನೋಡಿಕೊಳ್ಳಲು ಶಕ್ತಳಾಗುವಂತೆ ತಾಯಿಯನ್ನು ನೋಡಿಕೊಳ್ಳುತ್ತಾಳೆ. ಆರೈಕೆ ಮಾಡುವವರ ಆರೈಕೆಯು ಸಮಾಜದ ಮೇಲಿರುವ ನ್ಯಾಯದ ಋಣವೆಂದು ಕಿಟ್ಟೇ ಈ ಒಂದು ಪದದಿಂದ ಆರಂಭಿಸಿ ಸಾಧಿಸುತ್ತಾರೆ. ಅದನ್ನು ಓದಿದಾಗ ನಮಗೆ ಹೊಳೆದದ್ದು ಇಷ್ಟೇ: ಹಳಿಯಾಳದ ಆ ತಾಯಿ ಒಂದೇ ವಾಕ್ಯದಲ್ಲಿ ಹೇಳಿದ್ದೂ ಇದನ್ನೇ.

ಹಾಗಾದರೆ ಇಷ್ಟು ಕಾಲ ನಾವೇನು ಮಾಡುತ್ತಿದ್ದೆವು? ಪತ್ರ ಬರೆಯುತ್ತಿದ್ದೆವು. “ಫಾದರ್, ಯಾವುದಾದರೂ ಸಿಸ್ಟರುಗಳ ಆಶ್ರಮದಾಗ ಇವನ್ನ ಸೇರಿಸಿ ಕೊಡ್ರಿ” ಎಂದು ಬಂದವರಿಗೆ ಒಂದು ಶಿಫಾರಸು ಪತ್ರ ಕೊಟ್ಟರೆ ನಮ್ಮ ಕರ್ತವ್ಯ ಮುಗಿಯಿತೆಂದು ತಿಳಿದಿದ್ದೆವು. ಕಾರವಾರ ಧರ್ಮಪ್ರಾಂತ್ಯವು 1976ರಲ್ಲಿ ರೂಪುಗೊಂಡಿತು. ಅಂದಿನಿಂದ ಶಾಲೆ, ವಸತಿನಿಲಯ, ದವಾಖಾನೆಗಳೆಂದು ಕಟ್ಟಡಗಳಲ್ಲಿ ಸೇವೆಯನ್ನು ಕಂಡು ಬೆಳೆದವರು ನಾವು. ಆ ಸಂಸ್ಥೆಗಳನ್ನು ಹೀಗಳೆಯುತ್ತಿಲ್ಲ. ಶಿರಸಿಯ ಅಜಿತ ಮನೋಚೇತನದಂಥ ವಿಶೇಷ ಶಾಲೆಗಳು ಅನೇಕ ಮಕ್ಕಳಿಗೆ ಬದುಕು ಕಲಿಸಿವೆ. ಆದರೆ ಜೋಯಿಡಾದ ಕಾಡಿನೊಳಗಿನ ಹಳ್ಳಿಯಿಂದಾಗಲಿ, ಮುಂಡಗೋಡದ ಸಿದ್ದಿ ಕೇರಿಯಿಂದಾಗಲಿ ದಿನವೂ ಮಗುವನ್ನು ಹೊತ್ತುಕೊಂಡು ಪಟ್ಟಣದ ಶಾಲೆಗೆ ಹೋಗಿಬರಲು ಸಾಧ್ಯವೇ? ನಮ್ಮ ಕಡೆಯವರು ತಜ್ಞ ವೈದ್ಯರನ್ನು ಕಾಣಬೇಕಾದರೆ ಧಾರವಾಡ, ಹುಬ್ಬಳ್ಳಿಗೆ ಹೋಗುತ್ತಾರೆ. ಜಿಲ್ಲಾ ಕಚೇರಿಯ ಕೆಲಸವೆಂದರೆ ಘಟ್ಟವಿಳಿದು ನೂರು ಕಿಲೋಮೀಟರಿಗೂ ಆಚೆಯ ಕಾರವಾರಕ್ಕೆ ಹೋಗಬೇಕು. ಎರಡೂ ದಾರಿಗಳ ನಡುವೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನಲ್ಲಿ ಮಗುವನ್ನು ನೋಡಿ ಮುಖ ತಿರುಗಿಸುವವರ ನೋಟವೂ ಸೇರುತ್ತದೆ. ಹೀಗಿರುವಾಗ ಸಹಾಯವೇ ಮನೆಗೆ ನಡೆದು ಬರಬೇಕಲ್ಲದೆ ಮನೆಯು ಸಹಾಯದ ಬಳಿಗೆ ಹೋಗಲಾರದು.

ಇದು ನಮ್ಮ ಕಲ್ಪನೆಯೇನೂ ಅಲ್ಲ. ಸಮುದಾಯಾಧಾರಿತ ಪುನರ್ವಸತಿ ಎಂಬ ಹೆಸರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದಶಕಗಳಿಂದ ಇದನ್ನು ಹೇಳುತ್ತ ಬಂದಿದೆ. ಬೆಂಗಳೂರಿನ ಸೇವಾ ಇನ್ ಆ್ಯಕ್ಷನ್ ಸಂಸ್ಥೆಯವರು 1985ರಲ್ಲೇ ಹಳ್ಳಿಗಳಲ್ಲಿ ಈ ದಾರಿಯನ್ನು ಹಿಡಿದರು. ಮೆಕ್ಸಿಕೋದ ಬೆಟ್ಟದ ಹಳ್ಳಿಗಳಲ್ಲಿ ಕೆಲಸ ಮಾಡಿದ ಡೇವಿಡ್ ವರ್ನರ್ ಎಂಬುವರು 1987ರಲ್ಲಿ ‘ಡಿಸೇಬಲ್ಡ್ ವಿಲೇಜ್ ಚಿಲ್ಡ್ರನ್’ ಎಂಬ ದೊಡ್ಡ ಪುಸ್ತಕವನ್ನು ಹೊರತಂದರು. ಹಲಗೆ, ಬಟ್ಟೆ, ಹಳೆಯ ಟೈರುಗಳಿಂದ ಮಗುವಿಗೆ ಬೇಕಾದ ಸಲಕರಣೆಗಳನ್ನು ಊರಿನಲ್ಲೇ ಮಾಡಿಕೊಳ್ಳುವ ಬಗೆಯನ್ನು ಚಿತ್ರಸಹಿತ ತೋರಿಸುವ ಪುಸ್ತಕವದು.

ನಮ್ಮ ಕಾನೂನೂ ಹಿಂದೆ ಬಿದ್ದಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ವೈಕಲ್ಯವುಳ್ಳವರಿಗಾಗಿ ಸಂಸತ್ತು ಅದೇ 1999ರಲ್ಲಿ ರಾಷ್ಟ್ರೀಯ ನ್ಯಾಸ ಕಾಯ್ದೆಯನ್ನು ಮಾಡಿತು. ಅದರ ಅಡಿಯಲ್ಲಿ ‘ನಿರಾಮಯ’ವೆಂಬ, ಒಂದು ಲಕ್ಷ ರೂಪಾಯಿಗಳವರೆಗಿನ ಆರೋಗ್ಯ ವಿಮೆಯಿದೆ. ಮಗು 18 ವರ್ಷ ದಾಟಿದ ಮೇಲೆ ಕಾನೂನುಬದ್ಧ ಪಾಲಕರನ್ನು ನೇಮಿಸಲು ಜಿಲ್ಲಾಧಿಕಾರಿಗಳ ಸ್ಥಳೀಯ ಸಮಿತಿಯಿದೆ. ‘ನಾವು ಹೋದ ಮೇಲೆ ಇವನಿಗೆ ಯಾರು’ ಎಂದು ಕೊರಗುವ ಎಷ್ಟು ತಂದೆತಾಯಿಗಳಿಗೆ ಈ ಸಮಿತಿಯ ಹೆಸರು ಗೊತ್ತು? ಶಿಕ್ಷಣದ ಹಕ್ಕಿನ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯು ತೀವ್ರ ಹಾಗೂ ಬಹುವಿಧ ವೈಕಲ್ಯವಿರುವ ಮಗುವಿಗೆ ಮನೆಯಲ್ಲೇ ಶಿಕ್ಷಣ ಪಡೆಯುವ ಆಯ್ಕೆಯನ್ನು ಕೊಟ್ಟಿದೆ. ಅದಕ್ಕಾಗಿ ಮನೆಗೆ ಬರುವ ಸಂಪನ್ಮೂಲ ಶಿಕ್ಷಕರ ಬಗ್ಗೆ ನಮಗೆ ಗೌರವವಿದೆ. ಆದರೆ ಕಾಡುದಾರಿಗಳ ತಾಲ್ಲೂಕುಗಳಲ್ಲಿ ಅವರು ಒಂದೊಂದು ಮನೆಗೆ ಎಷ್ಟು ಹೊತ್ತು ಕೊಡಬಲ್ಲರು?

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಂಬಳ ಪಡೆದೋ ಪಡೆಯದೆಯೋ ಆರೈಕೆ ಮಾಡುವ ಯಾರನ್ನೇ ಆಗಲಿ, ತಂದೆತಾಯಿಗಳನ್ನೂ ಸೇರಿಸಿ, ‘ಆರೈಕೆದಾರ’ರೆಂದು ಅದು ವ್ಯಾಖ್ಯಾನಿಸಿದೆ; ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆ ಭತ್ಯೆ ಕೊಡುವ ಮಾತನ್ನು 24ನೆಯ ಪ್ರಕರಣದಲ್ಲಿ ಬರೆದಿದೆ. ಕೇರಳದಲ್ಲಿ ‘ಆಶ್ವಾಸಕಿರಣಂ’ ಎಂಬ ಯೋಜನೆಯಡಿ ಹಾಸಿಗೆ ಹಿಡಿದವರ ಆರೈಕೆದಾರರಿಗೆ ತಿಂಗಳಿಗೆ 600 ರೂಪಾಯಿ ಗೊತ್ತುಮಾಡಿದರು. ನಮ್ಮ ರಾಜ್ಯ ಸರಕಾರವೂ ಈಚಿನ ವರ್ಷಗಳಲ್ಲಿ ಸೆರೆಬ್ರಲ್ ಪಾಲ್ಸಿ, ಸ್ನಾಯುಕ್ಷಯ ಮೊದಲಾದ ಕೆಲವು ಸ್ಥಿತಿಗಳಲ್ಲಿರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1000 ರೂಪಾಯಿಗಳನ್ನು ಘೋಷಿಸಿದೆ. ಮೊತ್ತ ಸಣ್ಣದು. ಆದರೆ ಮನೆಯೊಳಗಿನ ಆರೈಕೆಯೂ ದುಡಿಮೆಯೆಂದು ಸರಕಾರದ ಕಾಗದವೊಂದು ಒಪ್ಪಿಕೊಂಡಿರುವುದು ಸಣ್ಣ ಸಂಗತಿಯಲ್ಲ. ಗ್ರಾಮ ಪಂಚಾಯತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೊಬ್ಬರಿರುತ್ತಾರೆ, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿರುತ್ತಾರೆ. ಅರ್ಜಿ, ಗುರುತಿನ ಚೀಟಿ, ಮಾಸಾಶನ ಎಲ್ಲಕ್ಕೂ ಮೊದಲು ಅವರನ್ನು ಕಾಣಬೇಕು. ಅವರೇ ಎಷ್ಟೋ ಸಲ ಊರುಗೋಲು ಹಿಡಿದು ಗುಡ್ಡ ಹತ್ತಿ ಬರುವವರು.

ಹಣವು ಬಂದರೂ ಒಂದು ಪ್ರಶ್ನೆ ಉಳಿಯುತ್ತದೆ. ಸಾವಿರ ರೂಪಾಯಿಯು ಗುಳಿಗೆ ತರಬಲ್ಲದು. ಆ ತಾಯಿ ಸಂತೆಗೆ ಹೋದ ಹೊತ್ತಿನಲ್ಲಿ ಮಗನ ಬಳಿ ಕೂರಲಾರದು. ಆಕೆಯನ್ನು ನಾವು, “ನಿಮಗೇನು ಬೇಕು?” ಎಂದು ಕೇಳಿದಾಗ ಆಕೆ ಹಣವನ್ನು ಕೇಳಲಿಲ್ಲ. “ವಾರಕ್ಕ ಎರಡು ತಾಸು ಯಾರರ ಕುಂತ್ರ ಸಾಕ್ರಿ” ಎಂದಳು.

ಎರಡು ತಾಸು! ನಮಗೆ ಇದು ಬಹಳ ಸುಲಭವಾಗಿ ತೋರಿತು. ತಪಸ್ಸು ಕಾಲದ ಒಂದು ಭಾನುವಾರ ಪೂಜೆಯಲ್ಲಿ ಪ್ರಕಟಿಸಿದೆವು. ಹದಿನಾಲ್ಕು ಮಂದಿ ಹೆಸರು ಕೊಟ್ಟರು. ಮೊದಲ ತಪ್ಪು ಅಲ್ಲೇ ಆಯಿತು. ಯಾರಿಗೂ ಏನೂ ಕಲಿಸದೆ ಕಳುಹಿಸಿದೆವು. ಒಬ್ಬರು ಹುಡುಗನನ್ನು ಮಲಗಿಸಿಯೇ ಚಹಾ ಕುಡಿಸಲು ಹೋಗಿ ಅವನು ಕೆಮ್ಮಿ ನೀಲಿಗಟ್ಟಿದ. ಇನ್ನೊಬ್ಬರು ಎರಡು ತಾಸೂ ಅವನ ತಲೆಯ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥಿಸಿ, ಗುಣವಾಗಲಿಲ್ಲವೆಂದು ಬೇಸರಪಟ್ಟು ಮರಳಿದರು. ಎಲ್ಲಕ್ಕಿಂತ ಮಿಗಿಲಾಗಿ, ಸಹಾಯಕ್ಕೆ ಹೋದವರಿಗೆ ಆ ತಾಯಿಯೇ ಚಹಾ, ಅವಲಕ್ಕಿ ಮಾಡಿಕೊಟ್ಟು ಉಪಚರಿಸುತ್ತ ಕುಳಿತಳು. ಮನೆಯಿಂದ ಹೊರಗೆ ಕಾಲಿಡಲಿಲ್ಲ. ಅತಿಥಿಯನ್ನು ಬಿಟ್ಟು ಹೋಗುವುದು ಹೇಗೆ? ಈಸ್ಟರ್ ಹಬ್ಬ ಕಳೆಯುವ ಹೊತ್ತಿಗೆ ಹದಿನಾಲ್ಕರಲ್ಲಿ ಮೂವರು ಉಳಿದಿದ್ದರು.

ಆ ಮೂವರೂ ಮಹಿಳೆಯರು. ಅವರ ಸಲಹೆಯಂತೆ ಧಾರವಾಡದಿಂದ ಫಿಜಿಯೋಥೆರಪಿ ಬಲ್ಲವರೊಬ್ಬರನ್ನು ಎರಡು ಶನಿವಾರ ಕರೆಸಿದೆವು. ಕಲಿಕೆ ನಡೆದದ್ದು ಚರ್ಚಿನ ಸಭಾಂಗಣದಲ್ಲಲ್ಲ, ಆ ಮನೆಯಲ್ಲೇ. ಗುರುವಾದವಳು ಆ ತಾಯಿಯೇ. ಬಂದ ತಜ್ಞರು ಆಕೆ ಮಾಡುವುದನ್ನು ನೋಡಿ ಕೆಲವನ್ನು ತಿದ್ದಿದರು, ಹೆಚ್ಚಿನದನ್ನು ಹಾಗೆಯೇ ಇರಲಿ ಎಂದರು. ಸೊಂಟ ಬಾಗಿಸದೆ ಮೊಣಕಾಲು ಮಡಿಸಿ ಎತ್ತುವುದು, ಇಬ್ಬರು ಸೇರಿ ಎತ್ತುವುದು, ಫಿಟ್ಸು ಬಂದಾಗ ಬಾಯಿಗೆ ಚಮಚ ತುರುಕದೆ, ಕೈಯಲ್ಲಿ ಕೀಲಿಕೈ ಹಿಡಿಸದೆ, ಪಕ್ಕಕ್ಕೆ ಹೊರಳಿಸಿ ಹೊತ್ತು ನೋಡಿಕೊಳ್ಳುವುದು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡುವುದು: ಇವು ಯಾರೂ ಕಲಿಯಬಹುದಾದ ವಿದ್ಯೆಗಳು. ವರ್ನರರ ಪುಸ್ತಕದಲ್ಲಿ ಮೂಲೆ ಕುರ್ಚಿಯ ಚಿತ್ರವೊಂದಿದೆ. ಎರಡು ಹಲಗೆಗಳನ್ನು ಗೋಡೆಯ ಮೂಲೆಯಂತೆ ಜೋಡಿಸಿ, ಕಾಲುಗಳು ಕತ್ತರಿಯಾಗದಂತೆ ನಡುವೆ ಗೂಟವೊಂದನ್ನಿಟ್ಟು, ಮುಂದೆ ಮಣೆ ಹಾಕಿದರೆ ಮಗು ತಾನೇ ಕೂರಬಲ್ಲದು. ಊರ ಬಡಿಗ ಚಿತ್ರ ನೋಡಿ ಮೂರು ದಿನದಲ್ಲಿ ಮಾಡಿಕೊಟ್ಟ. ಅಳತೆ ಸಾಲದೆ ಒಮ್ಮೆ ಬಿಚ್ಚಿ ಮತ್ತೆ ಕಟ್ಟಿದ. ಹುಟ್ಟಿ 11 ವರ್ಷದ ಮೇಲೆ ಆ ಹುಡುಗ ಬಾಗಿಲ ಬಳಿ ಕುಳಿತು ಬೀದಿಯನ್ನು ನೋಡಿದ.

ತಾಯಿಯನ್ನು ಮನೆಯಿಂದ ಹೊರಡಿಸುವುದು ಇನ್ನೂ ಕಷ್ಟದ ಕೆಲಸವಾಯಿತು. ನಾಲ್ಕನೆಯ ವಾರದಲ್ಲಿ ಹೊರಟಳು. ಸಂತೆಗೆ ಹೋಗುತ್ತಾಳೆ, ಇಲ್ಲವೆ ತವರಿಗೆ ಹೋಗುತ್ತಾಳೆಂದು ನಾವು ಎಣಿಸಿದ್ದೆವು. ಆಕೆ ಮೂರನೆಯ ಮನೆಗೆ ಹೋಗಿ ಅಲ್ಲಿನ ಹೊರಸಿನ ಮೇಲೆ ಮಲಗಿ ಎರಡು ತಾಸು ನಿದ್ದೆ ಮಾಡಿದಳಂತೆ.

ಇಷ್ಟು ಹೇಳಿದ ಮೇಲೆ ಒಂದು ಭಿನ್ನಾಭಿಪ್ರಾಯವನ್ನೂ ಹೇಳಬೇಕು. ನಮ್ಮ ಪಾಲನಾ ಸಮಿತಿಯಲ್ಲಿ ಕೆಲವರು, ಇಂಥ ಸೇವೆಗೆ ಹಣ ಕೊಡಕೂಡದು, ಕೊಟ್ಟರೆ ಪುಣ್ಯ ಕೆಡುತ್ತದೆ ಎಂದರು. ನಾವು ಇದನ್ನು ಒಪ್ಪುವುದಿಲ್ಲ. ನಮ್ಮ ತಾಲ್ಲೂಕುಗಳ ಎಷ್ಟೋ ಹೆಣ್ಣುಮಕ್ಕಳು ಗೋವೆಯ ಮನೆಗಳಲ್ಲಿ ಬೇರೆಯವರ ವೃದ್ಧರನ್ನು ಎತ್ತಿ ಕೂರಿಸುತ್ತ, ಬೇರೆಯವರ ಕೂಸುಗಳಿಗೆ ಉಣಿಸುತ್ತ ಸಂಬಳ ಪಡೆಯುತ್ತಿದ್ದಾರೆ. ಆರೈಕೆಯ ಕೈಗಳು ನಮ್ಮಲ್ಲಿ ಇಲ್ಲವೆಂದಲ್ಲ. ಆ ಕೈಗಳಿಗೆ ಇಲ್ಲಿ ಕೂಲಿ ಇಲ್ಲ, ಅಲ್ಲಿ ಇದೆ. ವಾರಕ್ಕೆ ಎರಡು ತಾಸಿನ ನೆರೆಹೊರೆಯ ನೆರವು ಪುಕ್ಕಟೆ ನಡೆಯಬಹುದು, ನಡೆಯಬೇಕು. ಆದರೆ ದಿನವೂ ಬಂದು ಮೀಯಿಸಿ, ವ್ಯಾಯಾಮ ಮಾಡಿಸಿ ಹೋಗುವ ಕೆಲಸವನ್ನು ಬಡ ಹೆಂಗಸೊಬ್ಬಳಿಂದ ಪುಣ್ಯದ ಹೆಸರಿನಲ್ಲಿ ಮಾಡಿಸಿಕೊಂಡರೆ ಒಬ್ಬ ತಾಯಿಯ ಭಾರವನ್ನು ಇಳಿಸಿ ಇನ್ನೊಬ್ಬಳ ಮೇಲೆ ಹೊರಿಸಿದಂತಾಗುತ್ತದೆ. ಸ್ಥಳೀಯ ಸಂಸ್ಥೆಗಳು ತಮ್ಮ ಅನುದಾನದಲ್ಲಿ ನೂರಕ್ಕೆ 5ರಷ್ಟನ್ನು ಅಂಗವಿಕಲರಿಗಾಗಿ ತೆಗೆದಿರಿಸಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿದೆ. ವರ್ಷದ ಕೊನೆಗೆ ತ್ರಿಚಕ್ರ ವಾಹನ ಹಂಚಿ ಭಾವಚಿತ್ರ ತೆಗೆಸಿಕೊಳ್ಳುವುದರ ಜೊತೆಗೆ, ಆ ಹಣದ ಒಂದು ಪಾಲಿನಿಂದ ಸ್ವಸಹಾಯ ಸಂಘದ ಇಬ್ಬರು ಮಹಿಳೆಯರಿಗೆ ತರಬೇತಿ ಕೊಟ್ಟು, ಸಂಬಳ ಕೊಟ್ಟು, ಇಂಥ ನಾಲ್ಕೈದು ಮನೆಗಳಿಗೆ ಏಕೆ ಕಳುಹಿಸಬಾರದು? ಇದಕ್ಕೆ ಕಟ್ಟಡ ಬೇಡ. ಉದ್ಘಾಟನೆಯ ಕಲ್ಲು ನೆಡಲು ಜಾಗವಿಲ್ಲದಿರುವುದೇ ಈ ಕೆಲಸಕ್ಕೆ ಅಡ್ಡಿಯಾಗಿದೆಯೋ ಏನೋ ಎಂದು ಒಮ್ಮೊಮ್ಮೆ ನಮಗೆ ಅನ್ನಿಸುವುದುಂಟು. ನಮ್ಮ ಚರ್ಚುಗಳ ಗೋಡೆಯ ಮೇಲೂ ಅಂಥ ಕಲ್ಲುಗಳು ಸಾಕಷ್ಟಿವೆ.

ಹೊರಗಿನವರನ್ನು ಮನೆಯೊಳಗೆ ಕಳುಹಿಸುವಾಗ ಎಚ್ಚರವೂ ಬೇಕು. ಮಾತು ಬಾರದ ಮಗು ದೂರು ಹೇಳಲಾರದು. ಬೌದ್ಧಿಕ ವೈಕಲ್ಯವಿರುವವರೊಡನೆ ಒಂದೇ ಮನೆಯಲ್ಲಿ ಬಾಳುವ ಲಾರ್ಶ್ ಸಮುದಾಯವನ್ನು ಜೀನ್ ವನಿಯೇ 1964ರಲ್ಲಿ ಫ್ರಾನ್ಸಿನಲ್ಲಿ ಆರಂಭಿಸಿದರು. ಬೆಂಗಳೂರಿನಲ್ಲಿ 1970ರಲ್ಲಿ ಅದರ ‘ಆಶಾ ನಿಕೇತನ’ ತೆರೆಯಿತು. ಆ ಮನೆಗಳು ಒಳ್ಳೆಯದನ್ನೇ ಮಾಡಿವೆ. ಆದರೆ ಜೀವಂತ ಸಂತರೆಂದು ನಾವೆಲ್ಲ ಕೊಂಡಾಡಿದ ಆ ಸ್ಥಾಪಕರು ಹಲವು ಮಹಿಳೆಯರನ್ನು ಶೋಷಿಸಿದ್ದರೆಂಬುದು, ಅವರು ತೀರಿಕೊಂಡ ಮರುವರ್ಷ, 2020ರಲ್ಲಿ, ಆ ಸಂಸ್ಥೆಯೇ ನಡೆಸಿದ ವಿಚಾರಣೆಯಿಂದ ಹೊರಬಂದಿತು. ಅವರ ಮಾತುಗಳನ್ನು ನಾವು ಪ್ರಬೋಧನೆಗಳಲ್ಲಿ ಬಳಸಿದ್ದೆವು. ಆದ್ದರಿಂದ ನಮ್ಮ ಮೂವರು ಮಹಿಳೆಯರ ಗುಂಪಿನಲ್ಲಿ ಒಂದು ಕಟ್ಟಳೆಯಿದೆ: ಯಾರೂ ಒಬ್ಬರೇ ಹೋಗುವುದಿಲ್ಲ, ಬಾಗಿಲು ತೆರೆದಿರುತ್ತದೆ, ತಾಯಿ ಬೇಡವೆಂದವರು ಕಾರಣ ಕೇಳದೆ ನಿಲ್ಲುತ್ತಾರೆ. ಗುರುಗಳಿಗೂ ಇದು ಅನ್ವಯಿಸುತ್ತದೆ.

ಇನ್ನು ನಮ್ಮ ದೇವಾಲಯದ ಮಾತು. 1971ರ ಈಸ್ಟರಿನಲ್ಲಿ ಲೂರ್ದಿಗೆ 12,000 ಮಂದಿಯ ಯಾತ್ರೆಯೊಂದು ನಡೆಯಿತು. ತಮ್ಮ ಇಬ್ಬರು ವಿಕಲಾಂಗ ಗಂಡುಮಕ್ಕಳನ್ನು ಧರ್ಮಪ್ರಾಂತ್ಯದ ಯಾತ್ರೆಗೆ ಸೇರಿಸಿಕೊಳ್ಳಲು ಒಪ್ಪಲಿಲ್ಲವೆಂದು ನೊಂದ ತಂದೆತಾಯಿಯರ ದುಃಖವೇ ಆ ಯಾತ್ರೆಗೆ ಮೂಲ. ಇದನ್ನು ಓದುವಾಗ ಫ್ರಾನ್ಸಿನವರ ಕಠಿಣ ಹೃದಯದ ಬಗ್ಗೆ ನಾವು ಮರುಗಿದ್ದೆವು. ಆಮೇಲೆ ನೆನಪಾಯಿತು. ಕೆಲವು ವರ್ಷಗಳ ಹಿಂದೆ ನಮ್ಮದೇ ಪೂಜೆಯ ನಡುವೆ ಹಿಂದಿನ ಸಾಲಿನಲ್ಲಿ ಮಗುವೊಂದು ವಿಚಿತ್ರವಾಗಿ ಕೂಗಿತು. ಜನ ತಿರುಗಿ ನೋಡಿದರು. ನಾವು ಪ್ರಬೋಧನೆಯನ್ನು ನಿಲ್ಲಿಸಿ ಸುಮ್ಮನೆ ನಿಂತೆವು. ಒಂದು ಮಾತನ್ನೂ ಆಡದಿದ್ದರೂ ಆ ಮೌನದ ಅರ್ಥ ತಾಯಿಗೆ ತಿಳಿಯಿತು. ಮಗುವನ್ನೆತ್ತಿಕೊಂಡು ಹೊರಗೆ ಹೋದಳು. ನಾವು ಪ್ರಬೋಧನೆಯನ್ನು ಮುಂದುವರಿಸಿದೆವು. ಆ ಕುಟುಂಬ ಮತ್ತೆ ಬರಲಿಲ್ಲ. ಏಕೆ ಬರಲಿಲ್ಲವೆಂದು ಕೇಳಲು ನಾವೂ ಹೋಗಲಿಲ್ಲ. ಶಿಲುಬೆಯ ಹಾದಿಯ ಐದನೆಯ ಸ್ಥಳದಲ್ಲಿ ಸಿಮೋನನು ಯೇಸುವಿಗೆ ಹೆಗಲು ಕೊಡುವುದನ್ನು ಪ್ರತಿ ಶುಕ್ರವಾರ ಓದಿಸುವವರು ನಾವು. ಅವನೂ ತಾನಾಗಿ ಬಂದವನಲ್ಲ, ಸೈನಿಕರು ಹಿಡಿದು ತಂದವನು ಎಂಬುದಷ್ಟೇ ಸಮಾಧಾನ.

ಈಗ ಆ ಮೂವರ ಗುಂಪು ಏಳಾಗಿದೆ. ಅವರಲ್ಲಿ ಇಬ್ಬರು ನಮ್ಮ ಧರ್ಮಕೇಂದ್ರದವರಲ್ಲ. ಒಬ್ಬರು ಅದೇ ಬೀದಿಯ ಮುಸಲ್ಮಾನ ಅಜ್ಜಿ, ಇನ್ನೊಬ್ಬರು ಅಂಗನವಾಡಿಯಿಂದ ನಿವೃತ್ತರಾದವರು. ಮನೆಗಳು ನಾಲ್ಕಾಗಿವೆ, ದಾಂಡೇಲಿ ರಸ್ತೆಯ ಕಡೆ ಇನ್ನೆರಡು ಮನೆಗಳವರು ಕೇಳಿದ್ದಾರೆ. ಶಾಲೆ ಬಿಟ್ಟ ಅಕ್ಕ ಹತ್ತನೆಯ ತರಗತಿಯ ಪರೀಕ್ಷೆಗೆ ಹೊರಗಿನಿಂದ ಕಟ್ಟಲು ಪುಸ್ತಕ ಒಯ್ದಿದ್ದಾಳೆ. ಅವಳಿಗೆ ಗಣಿತ ಹೇಳಿಕೊಡುವವರು ಬೇಕಾಗಿದ್ದಾರೆ. ಕುಳಿತುಕೊಳ್ಳುವ ಪಾಳಿಗಳಲ್ಲಿ ಬುಧವಾರ, ಶನಿವಾರಗಳು ತುಂಬಿವೆ. ಮಂಗಳವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗಿನದು ಖಾಲಿಯಿದೆ. ಗಂಡಸರೂ ಹೆಸರು ಕೊಡಬಹುದು, ಹುಡುಗನನ್ನು ಎತ್ತಲು ಬಲವುಳ್ಳವರು ಬೇಕೆಂದು ಆ ತಾಯಿ ಹೇಳಿ ಕಳುಹಿಸಿದ್ದಾಳೆ.